ಮನೆತನದ ಹಲ್ಲು

ಮನೆಯಲ್ಲಿ ಮಗುವಿನ ಹಲ್ಲು ಅಲ್ಲಾಡತೊಡಗಿದರೆ ಅದು ಮಗುವಿನ ಹಲ್ಲಾಗಿ ಉಳಿಯುವುದಿಲ್ಲ, ಮನೆತನದ ಹಲ್ಲಾಗುತ್ತದೆ. ನಮ್ಮ ಬಾಗಲಕೋಟೆಯಲ್ಲಂತೂ ಕೇಳಲೇಬೇಡಿ. ಹಾಲು ಹಾಕಲು ಬಂದವರು, ಶೇಂಗಾ ಹಿಂಡಿ ಕೊಡಲು ಬಂದವರು, ಎಲ್ಲರೂ "ಎಲ್ಲಿ, ಬಾಯಿ ತಗಿ ನೋಡೋಣು" ಅನ್ನುವವರೇ. ಅಂದು ಸುಮ್ನೆ ಇರಲ್ಲ, ಬೆರಳೂ ಹಾಕುತ್ತಾರೆ. ಆ ಬೆರಳು ಅದಕ್ಕೂ ಮೊದಲು ಎಲ್ಲಿತ್ತು ಅಂತ ಕೇಳುವ ಹಾಗಿಲ್ಲ, ಹಿರಿಯರು.

ನನ್ನ ಮಗಳಿಗೆ 6 ತುಂಬಿದೆ. ಹಾಲುಹಲ್ಲು ಒಟ್ಟು 20. ಹೆಚ್ಚುಕಡಿಮೆ ಈ ವಯಸ್ಸಿಗೆ ಶುರುವಾದರೆ 12ರ ತನಕ ಒಂದೊಂದಾಗಿ ಬೀಳುತ್ತಲೇ ಇರುತ್ತವೆ. ಸಾಮಾನ್ಯವಾಗಿ ಕೆಳಗಿನ ಮುಂದಿನವು ಮೊದಲು. ನಮ್ಮಲ್ಲೂ ಅದೇ ಆಯಿತು.

ಮೊದಲು ಕೈ ಹಾಕಿದ್ದು ಅವಳ ಕಾಕಾ, ಅಂದರೆ ನನ್ನ ಮೈದುನ. ಚೀಲ ಹೊಲಿಯುವ ದಾರ ಹಿಡಿದು ಬಂದ. "ವೈನಿ, ನೀವು ಒಳಗ ಹೋಗ್ರಿ, ನಿಮಗ ನೋಡಾಕ ಆಗೂದಿಲ್ಲ" ಅಂದ. ನಾನು ಹೋಗಲಿಲ್ಲ. ದಾರದ ಒಂದು ತುದಿ ಹಲ್ಲಿಗೆ, ಇನ್ನೊಂದು ಬಾಗಿಲ ಚಿಲಕಕ್ಕೆ. ಒಂದು, ಎರಡು, ಮೂರು ಅಂತ ಬಾಗಿಲು ದಬ್ಬಿದ. ಬಾಗಿಲು ಹೋಯಿತು, ಬಾಗಿಲ ಹಿಂದೆ ಮಗಳೂ ಓಡಿದಳು. ಹಲ್ಲು ಇದ್ದಲ್ಲೇ ಇತ್ತು. ದಾರ ಸಡಿಲ ಇರುವಷ್ಟು ಹೊತ್ತು ನೋವಿಲ್ಲ ಅನ್ನುವ ಲೆಕ್ಕ ಕಾಕಾಗಿಂತ ಮೊದಲು ಅವಳಿಗೆ ತಿಳಿದಿತ್ತು.

ಅತ್ತೆಯ ದಾರಿ ಬೇರೆ. ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ಕೊಟ್ಟು, "ಮುಂದಿನ ಹಲ್ಲಿಲೆ ಕಡಿ ನನ್ನವ್ವಾ, ತಾನ ಬೀಳತೈತಿ" ಅಂದರು. ಮೊಮ್ಮಗಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ದವಡೆಯಲ್ಲಿ ತಿಂದು ಕೈ ತೊಳೆದಳು.

ಅಷ್ಟರಲ್ಲಿ ಹಳೇ ಹಲ್ಲಿನ ಹಿಂದೆ ಹೊಸದು ಇಣುಕಿತು. ಎರಡು ಸಾಲು! ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ನಾನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬ್ಯಾಟರಿ ಬಿಟ್ಟು ನೋಡಿ ನಕ್ಕುಬಿಟ್ಟರು. ಕೆಳಗಿನ ಹಲ್ಲಿಗೆ ಇದು ಎಷ್ಟೋ ಮಕ್ಕಳಲ್ಲಿ ಆಗುವಂಥದ್ದೇ, ಹಳೇದು ಬಿದ್ದ ಮೇಲೆ ನಾಲಿಗೆಯೇ ಹೊಸದನ್ನು ಮೆಲ್ಲಗೆ ಮುಂದಕ್ಕೆ ದಬ್ಬುತ್ತದೆ ಅಂದರು. ತಿಂಗಳುಗಟ್ಟಲೆ ಆದರೂ ಹಳೇದು ಅಲ್ಲಾಡದೇ ಗಟ್ಟಿ ಕೂತರೆ ಮಾತ್ರ ಬರಬೇಕಂತೆ. ಅಲ್ಲಿಯವರೆಗೆ ಅವಳೇ ನಾಲಿಗೆಯಿಂದ ಆಡಿಸಲಿ. ತೀರಾ ನೇತಾಡುತ್ತಿದ್ದು, ಅವಳೂ ಹೂಂ ಅಂದರೆ, ಸ್ವಚ್ಛ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುವಿ ನೋಡಿ, ಬರದಿದ್ದರೆ ಬಿಟ್ಟುಬಿಡಿ. ಗಟ್ಟಿ ಇರುವುದನ್ನು ಎಳೆದರೆ ಬೇರು ಮುರಿಯಬಹುದು, ರಕ್ತವೂ ಜಾಸ್ತಿ. "ದಾರ ಗೀರ ಬ್ಯಾಡ್ರಿ" ಅಂತಲೂ ಸೇರಿಸಿದರು. ದಾರದ ವಿಷಯ ನಾನು ಬಾಯಿ ಬಿಟ್ಟಿರಲಿಲ್ಲ. ಊರಲ್ಲಿ ಕಾಕಾಗಳು ಬಹಳ ಜನ ಇರಬೇಕು.

ಕೊನೆಗೆ ಹಲ್ಲು ಬಿದ್ದದ್ದು ಕರದಂಟು ತಿನ್ನುವಾಗ. ಅಮೀನಗಡದ ಕರದಂಟು, ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ ಎಲ್ಲ ಸೇರಿ ಒಮ್ಮೆ ಹಲ್ಲಿಗೆ ಅಂಟಿಕೊಂಡರೆ ಸುಲಭಕ್ಕೆ ಬಿಡುವ ಪೈಕಿಯಲ್ಲ. ಕಚ್ಚಿ ಎಳೆದಳು, ನಿಂತಳು, "ಮಮ್ಮಿ, ಇದರಾಗ ಕಲ್ಲ ಐತಿ" ಅಂದಳು. ಅತ್ತು ಕರೆದು ಏನೂ ಮಾಡಲಿಲ್ಲ. ಮಡಚಿದ ಸ್ವಚ್ಛ ಬಟ್ಟೆ ಕಚ್ಚಿಕೊಂಡು ಹತ್ತು ನಿಮಿಷ ಕೂತಳು, ರಕ್ತ ನಿಂತಿತು. ಆಮೇಲೆ ನಾವೆಲ್ಲ ತಟ್ಟೆ ಸುತ್ತ ಕೂತು ಕೊಬ್ಬರಿ ಚೂರು ಯಾವುದು, ಹಲ್ಲು ಯಾವುದು ಅಂತ ಆರಿಸಿದ್ದೇ ದೊಡ್ಡ ಕೆಲಸ. ತವರು ಗೋಕಾಕದ ಅತ್ತೆ ಅಷ್ಟರಲ್ಲೂ ಬಿಡಲಿಲ್ಲ, "ನಮ್ಮ ಗೋಕಾಕದ ಕರದಂಟ ಆಗಿದ್ರ ಎಂದೋ ಬೀಳತಿತ್ತು."

ಹಲ್ಲು ಸಿಕ್ಕಿತು. ಕಾಕಾ ಅದನ್ನು ತಿರುಗಿಸಿ ನೋಡಿ ಬೆಚ್ಚಿಬಿದ್ದ. "ವೈನಿ, ಬೇರ ಇಲ್ಲ! ಒಳಗ ಉಳದೈತಿ!" ಹೊಸ ಹಲ್ಲು ಮೇಲೆ ಬರುವಾಗ ಹಳೇದರ ಬೇರು ಕರಗುತ್ತಾ ಹೋಗುತ್ತದೆ, ಅದಕ್ಕೇ ಹಲ್ಲು ಅಲ್ಲಾಡುವುದು, ಬಿದ್ದಾಗ ಬರೀ ಟೊಪ್ಪಿಗೆ ಮಾತ್ರ ಸಿಗುವುದು ಅಂತ ಎಷ್ಟು ಹೇಳಿದರೂ ಅವನು ಮೊಬೈಲ್ ಬ್ಯಾಟರಿ ಹಿಡಿದು ಅವಳ ಬಾಯಿ ಸುತ್ತಲೇ ತಿರುಗುತ್ತಿದ್ದ.

ಇನ್ನು ಶಾಸ್ತ್ರ. ಹಲ್ಲನ್ನು ಸೆಗಣಿಯಲ್ಲಿಟ್ಟು ಉಂಡೆ ಮಾಡಿ ಮಾಳಿಗೆ ಮೇಲೆ ಒಗೆಯಬೇಕು. ನನ್ನ ಗಂಡನ ಹಲ್ಲುಗಳೆಲ್ಲ ಹಳೇ ಊರಿನ ಮಣ್ಣಿನ ಮಾಳಿಗೆ ಮೇಲಿದ್ದವು. ಆಲಮಟ್ಟಿ ಹಿನ್ನೀರು ಬಂದಾಗ ಆ ಮನೆಯೂ ಹೋಯಿತು, ಮಾಳಿಗೆಯೂ ಹೋಯಿತು. "ನಿಮ್ಮಪ್ಪನ ಹಲ್ಲ ನೀರಾಗ ಅದಾವ" ಅಂತ ಅತ್ತೆ ಹೇಳಿದ ಮೇಲೆ, ಮೀನು ಅವನ್ನು ಹಾಕಿಕೊಂಡು ಕಚ್ಚುತ್ತವಾ ಅಂತ ಮಗಳು ಇವತ್ತಿಗೂ ಕೇಳುತ್ತಾಳೆ.

ಈಗ ನಾವಿರುವುದು ನವನಗರದಲ್ಲಿ. ಸೆಗಣಿಗೇನು ಬರವಿಲ್ಲ, ದನಗಳು ರಸ್ತೆ ನಡುವೆಯೇ ಮಲಗಿರುತ್ತವೆ. ಮಾಳಿಗೆ ಮಾತ್ರ ಇಲ್ಲ, ಇರುವುದು ಎರಡಂತಸ್ತಿನ ಸ್ಲ್ಯಾಬು, ಅದರ ಮೇಲೆ ನೀರಿನ ಟಾಕಿ, ಸೋಲಾರು. ಅಷ್ಟು ಎತ್ತರಕ್ಕೆ ಮಗಳ ಕೈಯಿಂದ ಆಗಲ್ಲ ಅಂತ ಕಾಕಾನೇ ಒಗೆದ. ಕಾಲೇಜಿನಲ್ಲಿ ಕ್ರಿಕೆಟ್ ಆಡಿದವನು. ಉಂಡೆ ನಮ್ಮ ಸ್ಲ್ಯಾಬು ದಾಟಿ ಪಕ್ಕದ ಮನೆ ಸ್ಲ್ಯಾಬಿಗೆ ಹೋಯಿತು. ಅಲ್ಲಿ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದರು.

"ಯಾರ್ರೀ ಅದು ಸೆಗಣಿ ಒಗದವರು?" ಅಂತ ಮೇಲಿನಿಂದ ಧ್ವನಿ ಬಂತು. ಕಾಕಾ ಒಳಗೆ ಹೋಗಿಬಿಟ್ಟ. ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದು ಬಂದ ಅಕ್ಕೋರು, ಮೊದಲನೇ ಹಲ್ಲು ಅಂತ ಗೊತ್ತಾದ ಕೂಡಲೇ ಬೈಯುವುದನ್ನೇ ಮರೆತರು. "ಹೌದಾ? ಮ್ಯಾಲಿಂದೋ, ಕೆಳಗಿಂದೋ? ಎಲ್ಲಿ, ಬಾಯಿ ತಗಿ ನೋಡೋಣು" ಅಂದರು, ಸಂಡಿಗೆ ಹಿಟ್ಟಿನ ಕೈಯಲ್ಲೇ.

ಪ್ರತಿ ಬೇಸಿಗೆಯಂತೆ ಈ ಸಲವೂ ಅವರ ಮನೆಯಿಂದ ಒಂದು ಡಬ್ಬಿ ಸಂಡಿಗೆ ಬಂದಿದೆ. ಕರಿದಿಟ್ಟಿದ್ದೇನೆ. ಸದ್ಯಕ್ಕೆ ಕಾಕಾ ಒಬ್ಬನೇ ತಿನ್ನುತ್ತಿದ್ದಾನೆ, ಭಾಳ ಛಲೋ ಆಗಿವೆಯಂತೆ.