ಬಾಟಲಿ ರೂ ಹಾಕಿದರೆ ಗಂಬೋ ಕೆಡೋದಿಲ್ಲ

ಬಾಟಲಿಯಲ್ಲಿ ಸಿಗುವ ರೂ (ಎಣ್ಣೆಯಲ್ಲಿ ಕಪ್ಪಗೆ ಹುರಿದ ಮೈದಾ) ಹಾಕಿ ಮಾಡಿದ್ದು ಗಂಬೋನೇ ಅಲ್ಲ ಅಂತ ಮೂಗು ಮುರಿಯುವವರು ನಮ್ಮ ಹ್ಯೂಸ್ಟನ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಸಿಕ್ಕವರಲ್ಲಿ ಗಂಬೋ ಹುಟ್ಟಿದ ಅಮೆರಿಕದ ಲೂಯಿಸಿಯಾನಾ ರಾಜ್ಯದವರಿಗಿಂತ ಯೂಟ್ಯೂಬ್ ನೋಡಿ ಕಲಿತವರೇ ಜಾಸ್ತಿ. ಆ ಬಾಟಲಿ ಎಲ್ಲಿಂದ ಬರುತ್ತದೆ ಅಂತ ಒಮ್ಮೆ ತಿರುಗಿಸಿ ನೋಡಿ. ಸವ್ವಾಸ್ ರೂ ಒಪೆಲೂಸಸ್‌ನದು. ಕ್ಯಾರೀಸ್ ರೂ ವಿಲ್ ಪ್ಲಾಟ್‌ನದು. ಎರಡೂ ಲೂಯಿಸಿಯಾನಾದ ಕೇಜನ್ ಸೀಮೆಯ, ಅಂದರೆ ಅಲ್ಲಿ ಬಂದು ನೆಲೆಸಿದ ಫ್ರೆಂಚ್ ಮೂಲದ ಜನರ ಸೀಮೆಯ ಊರುಗಳು. ಗಂಬೋ ತಿಂದೇ ಬೆಳೆದ ಜನ ತಮ್ಮೂರಿನ ಅಂಗಡಿಯಲ್ಲಿ ಅದನ್ನು ಕೊಂಡು ಮನೆಗೆ ಒಯ್ಯುತ್ತಾರೆ. ಅವರಿಗಿಲ್ಲದ ಮಡಿ ನಮಗ್ಯಾಕೆ?

ಗೊತ್ತಿಲ್ಲದವರಿಗೆ ಎರಡು ಮಾತು. ಗಂಬೋ ಅಂದರೆ ಅನ್ನದ ಮೇಲೆ ಸುರಿದುಕೊಂಡು ತಿನ್ನುವ ಲೂಯಿಸಿಯಾನಾದ ಅಡುಗೆ. ಸಾರಿಗಿಂತ ಗಟ್ಟಿ, ಹುಳಿಗಿಂತ ತೆಳ್ಳಗೆ. ಬೆಂಡೆಕಾಯಿ ಬಂದದ್ದು ಗುಲಾಮರಾಗಿ ತಂದ ಆಫ್ರಿಕಾದ ಜನರಿಂದ, ಫಿಲೇ ಎಂಬ ಎಲೆಯ ಪುಡಿ ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರಿಂದ, ರೂ ಫ್ರೆಂಚರಿಂದ. 2004ರಲ್ಲಿ ಲೂಯಿಸಿಯಾನಾ ಇದನ್ನು ತನ್ನ ಅಧಿಕೃತ ರಾಜ್ಯ ಅಡುಗೆ ಅಂತ ಘೋಷಿಸಿತು.

ರೂ ಅಂದರೆ ಮೈದಾ ಮತ್ತು ಎಣ್ಣೆ ಸಮಸಮ ಹಾಕಿ, ಕಪ್ಪು ಚಾಕೊಲೇಟ್ ಬಣ್ಣ ಬರುವವರೆಗೆ ಹುರಿದದ್ದು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕೈ ಬಿಡದೆ ತಿರುಗಿಸಬೇಕು. ಫೋನ್ ಬಂತು ಅಂತ ಆ ಕಡೆ ಹೋದಿರೋ, ಕಪ್ಪು ಚುಕ್ಕೆ ಏಳುತ್ತದೆ. ಚುಕ್ಕೆ ಎದ್ದರೆ ಮುಗೀತು, ಕಹಿ ಹೋಗೋದಿಲ್ಲ, ಚೆಲ್ಲಬೇಕು. ಮೈಮೇಲೆ ಸಿಡಿದರೆ ಅಂಟಿಕೊಂಡು ಸುಡುತ್ತದೆ. ಅದಕ್ಕೇ ನ್ಯೂ ಆರ್ಲಿಯನ್ಸ್‌ನ ಪ್ರಸಿದ್ಧ ಬಾಣಸಿಗ ಪಾಲ್ ಪ್ರುಡೋಮ್ ಅವರ ಅಡುಗೆಮನೆಯಲ್ಲಿ ಇದಕ್ಕೆ 'ಕೇಜನ್ ನಪಾಮ್' (ನಪಾಮ್ ಅಂದರೆ ಅಂಟಿಕೊಂಡು ಉರಿಯುವ ಬಾಂಬಿನ ಇಂಧನ) ಅಂತ ಹೆಸರಿತ್ತು! ಕೆಲಸ ಮುಗಿಸಿ ಸಂಜೆ ಆರಕ್ಕೆ ಮನೆಗೆ ಬಂದವರು ಇದನ್ನು ಮಾಡಲೇಬೇಕು ಅಂತ ನಾನಂತೂ ಹೇಳಲಾರೆ.

ಹಾಗಂತ ಅಂಗಡಿಯಲ್ಲಿ ಸಿಗುವುದೆಲ್ಲ ಒಂದೇ ಅಲ್ಲ. 'ನೀರು ಹಾಕಿ ಕುದಿಸಿ, ಗಂಬೋ ರೆಡಿ' ಅನ್ನುವ ಡಬ್ಬಿ ಮಿಕ್ಸ್ ನನಗೆ ಬೇಡವೇ ಬೇಡ. ಉಪ್ಪು, ಬೆಳ್ಳುಳ್ಳಿ ಪುಡಿ ಬಿಟ್ಟರೆ ಬೇರೆ ರುಚಿ ಸಿಗುವುದಿಲ್ಲ. ಕೊಂಡು ತರಬೇಕಾದ್ದು ಕೈನೋವು ತಪ್ಪಿಸುವ ಸಾಮಾನು. ರುಚಿಯನ್ನು ನಾವೇ ಕಟ್ಟಬೇಕು.

ಮೊದಲು ಸಾಸೇಜ್. ಹೊಗೆ ಹಾಕಿದ ಹಂದಿ ಸಾಸೇಜ್ ಆಂಡೂಯಿ ಸಿಕ್ಕರೆ ಅದೇ ಬೇಕು, ಇಲ್ಲಿ ದುಡ್ಡು ಉಳಿಸಬೇಡಿ. ಹಂದಿ ಮಾಂಸ ತಿನ್ನದವರು ಹೊಗೆ ಹಾಕಿದ ಟರ್ಕಿ ಅಥವಾ ಚಿಕನ್ ಸಾಸೇಜ್ ತನ್ನಿ. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಅಂಚು ಕೆಂಪಗಾಗುವವರೆಗೆ ಹುರಿದು ತೆಗೆದಿಡಿ. ಉಳಿದ ಜಿಡ್ಡಿಗೆ ಈರುಳ್ಳಿ, ಸೆಲರಿ, ಹಸಿರು ದೊಣ್ಣೆಮೆಣಸಿನಕಾಯಿ. ಈ ಮೂರಕ್ಕೆ ಅಲ್ಲಿನವರು 'ಹೋಲಿ ಟ್ರಿನಿಟಿ' ಅನ್ನುತ್ತಾರೆ. ಹೆಚ್ಚಿ ಫ್ರೀಜ್ ಮಾಡಿದ ಪ್ಯಾಕೆಟ್ ಧಾರಾಳವಾಗಿ ಬಳಸಿ. ಆದರೆ ಅದು ತುಂಬಾ ನೀರು ಬಿಡುತ್ತದೆ. ರೂ ಮನೆಯಲ್ಲೇ ಮಾಡುವವರು ತರಕಾರಿಯನ್ನು ಕಾದ ರೂಗೇ ಸುರಿಯುತ್ತಾರೆ, ಚೊಂಯ್ ಅಂತ ಅಲ್ಲೇ ಬಾಡುತ್ತದೆ. ಬಾಟಲಿಯವರಿಗೆ ಆ ಭಾಗ್ಯ ಇಲ್ಲ. ಹಾಗಾಗಿ ನೀರೆಲ್ಲ ಇಂಗಿ, ಅಂಚು ಬಣ್ಣ ತಿರುಗುವವರೆಗೆ ಕಾಯಬೇಕು. ಗಡಿಬಿಡಿ ಮಾಡಿದರೆ ಬೇಯಿಸಿದ ಸೆಲರಿಯ ವಾಸನೆ ಕೊನೆವರೆಗೂ ಉಳಿಯುತ್ತದೆ.

ಚಿಕನ್‌ಗೆ ಅಂಗಡಿಯಲ್ಲಿ ಸುಟ್ಟೇ ಮಾರುವ ಇಡೀ ಕೋಳಿ, ರೊಟಿಸರಿ ಚಿಕನ್ ತನ್ನಿ. ಇದಕ್ಕಿಂತ ಒಳ್ಳೆ ಅಡ್ಡದಾರಿ ಇಲ್ಲ. ಮಾಂಸ ಬಿಡಿಸಿಟ್ಟು, ಮೂಳೆ, ಚರ್ಮ ಎಲ್ಲವನ್ನೂ ಉಪ್ಪು ಕಡಿಮೆ ಇರುವ ಡಬ್ಬಿ ಸ್ಟಾಕ್‌ನಲ್ಲಿ (ಮೂಳೆ, ಮಾಂಸ ಕುದಿಸಿ ತೆಗೆದ ರಸ) ಹಾಕಿ ಒಂದು ಗಂಟೆ ಸಣ್ಣಗೆ ಕುದಿಸಿ ಸೋಸಿ. ಎಷ್ಟೋ ಜನ ಮೂಳೆಯನ್ನು ಕಸಕ್ಕೆ ಹಾಕುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಸಪ್ಪೆ ಡಬ್ಬಿ ಸ್ಟಾಕ್‌ಗೆ ಜೀವ ಬರುವುದೇ ಅದರಿಂದ.

ಈಗ ಬಾಟಲಿ. ಮೇಲೆ ಎಣ್ಣೆ ತೇಲುತ್ತಿರುತ್ತದೆ, ಜಿಡ್ಡು ಬೇಡದವರು ಬಗ್ಗಿಸಿ ತೆಗೆಯಬಹುದು. ಎರಡು ಲೀಟರ್ ಬಿಸಿ ಸ್ಟಾಕ್‌ಗೆ ಅರ್ಧ ಕಪ್‌ನಿಂದ ಶುರು ಮಾಡಿ, ಚಮಚ ಚಮಚವಾಗಿ ಕರಗಿಸಿ. ತೆಳ್ಳಗಿದೆ ಅಂತ ತಕ್ಷಣ ಇನ್ನಷ್ಟು ಸುರಿಯಬೇಡಿ, ಕಾಲು ಗಂಟೆ ಕುದಿದ ಮೇಲೆ ನೋಡಿ. ರೂ ಕಪ್ಪಾದಷ್ಟೂ ಮಂದ ಮಾಡುವ ಶಕ್ತಿ ಕಡಿಮೆ, ಯಾಕೆಂದರೆ ಅಷ್ಟು ಹುರಿದಾಗ ಹಿಟ್ಟಿನ ಪಿಷ್ಟ ಒಡೆದುಹೋಗಿರುತ್ತದೆ. ತರಕಾರಿ, ಸಾಸೇಜ್ ಹಾಕಿ ಮುಕ್ಕಾಲು ಗಂಟೆಯಾದರೂ ಕುದಿಯಲಿ. ಚಿಕನ್ ಮೊದಲೇ ಬೆಂದಿರುವುದರಿಂದ ಕೊನೆಯ ಹತ್ತು ನಿಮಿಷಕ್ಕೆ ಸಾಕು, ಮೊದಲೇ ಹಾಕಿದರೆ ನಾರು ನಾರಾಗುತ್ತದೆ.

ಉಪ್ಪು? ಮುಟ್ಟಲೇಬೇಡಿ. ಸಾಸೇಜ್‌ನಲ್ಲಿ ಉಪ್ಪು, ಚಿಕನ್‌ನಲ್ಲಿ ಉಪ್ಪು, ಸ್ಟಾಕ್‌ನಲ್ಲಿ ಉಪ್ಪು, ಟೋನಿ ಶಾಶೆರೀಸ್ ಮಸಾಲೆ ಹಾಕಿದರೆ ಅದರಲ್ಲೂ ಉಪ್ಪು. ಕೊನೆಗೆ ರುಚಿ ನೋಡಿ, ಬೇಕಿದ್ದರೆ ಮಾತ್ರ.

ಬೆಂಡೆಕಾಯಿ ಹಾಕುವವರು ಫ್ರೀಜ್ ಮಾಡಿದ್ದನ್ನೇ ಹಾಕಿ, ಆದರೆ ಬೇರೆ ಬಾಣಲೆಯಲ್ಲಿ ಹುರಿದು ಲೋಳೆ ತಗ್ಗಿಸಿಕೊಳ್ಳಿ. ಪಲ್ಯ ಮಾಡುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಪೂರ್ತಿ ಮಾತ್ರ ತೆಗೆಯಬೇಡಿ, ಗಂಬೋ ಗಟ್ಟಿಯಾಗಲು ಸ್ವಲ್ಪ ಲೋಳೆ ಬೇಕು. ಫಿಲೇ ಅಂದರೆ ಸ್ಯಾಸಫ್ರಾಸ್ ಮರದ ಒಣ ಎಲೆಯ ಪುಡಿ. ಅದನ್ನು ಒಲೆ ಆರಿಸಿದ ಮೇಲೆಯೇ ಹಾಕಬೇಕು, ಕುದಿಸಿದರೆ ಎಳೆ ಎಳೆ ಬರುತ್ತದೆ.

ಇಷ್ಟಾದ ಮೇಲೂ 'ಅಸಲಿ ಅಲ್ಲ' ಅನ್ನುವವರು ಇರುತ್ತಾರೆ. ಟೊಮ್ಯಾಟೊ ಹಾಕಬೇಕೋ ಬೇಡವೋ ಅಂತ ನ್ಯೂ ಆರ್ಲಿಯನ್ಸ್ ಕಡೆಯವರಿಗೂ ಕೇಜನ್ನರಿಗೂ ಇನ್ನೂ ಜಗಳ ಮುಗಿದಿಲ್ಲ. ಅನ್ನದ ಬದಲು ಆಲೂಗಡ್ಡೆ ಸಲಾಡ್ ಮೇಲೆ ಗಂಬೋ ಸುರಿದುಕೊಳ್ಳುವವರೂ ಅಲ್ಲಿದ್ದಾರೆ. ಆದರೆ 2016ರಲ್ಲಿ ಡಿಸ್ನಿ 'ಆರೋಗ್ಯಕರ ಗಂಬೋ' ಅಂತ ಕೇಲ್ ಸೊಪ್ಪು, ಕಿನ್ವಾ ಹಾಕಿದ ವಿಡಿಯೊ ಬಿಟ್ಟಾಗ ಎಲ್ಲರೂ ಒಟ್ಟಾಗಿ ಮುಗಿಬಿದ್ದರು. ವಿಡಿಯೊ ತೆಗೆಯಬೇಕಾಯಿತು. ಅಲ್ಲಿನವರ ಸಿಟ್ಟು ಎಲ್ಲಿ ಏಳುತ್ತದೆ ಗೊತ್ತಾಯ್ತಲ್ವಾ? ಬಾಟಲಿಯ ಮೇಲಂತೂ ಅಲ್ಲ.

ಬೆಂಗಳೂರಿನವರೇ, ಬಾಟಲಿ ಸಿಗದಿದ್ದರೆ ಬೇಸರ ಬೇಡ. ಎಣ್ಣೆ ಹಾಕದೆ ಬರೀ ಮೈದಾವನ್ನು ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಕೈಯಾಡಿಸಿ, ಗಾಢ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆ. ಜರಡಿ ಹಿಡಿದು ಡಬ್ಬಿಯಲ್ಲಿ ತುಂಬಿಟ್ಟರೆ ಮುಂದಿನ ಸಲಕ್ಕೂ ಆಯಿತು. ಹಾಕುವಾಗ ಮೊದಲು ತಣ್ಣನೆ ಸ್ಟಾಕ್‌ನಲ್ಲಿ ಕಲಸಿಕೊಳ್ಳಿ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ.

ಸಸ್ಯಾಹಾರಿಗಳು ಕಾಮೆಂಟ್‌ನಲ್ಲಿ ಕೇಳೇ ಕೇಳುತ್ತೀರಿ, ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ಸೊಪ್ಪುಗಳಿಂದಲೇ ಮಾಡುವ ಗಂಬೋ ಝೆರ್ಬ್ ಅಂತ ಒಂದಿದೆ, ಈಸ್ಟರ್‌ಗೆ ಮುಂಚಿನ ವ್ರತದ ದಿನಗಳದ್ದು. ಹೆಸರು ನೋಡಿ ಹೋಟೆಲ್‌ನಲ್ಲಿ ನಂಬಿಬಿಡಬೇಡಿ, ಎಷ್ಟೋ ಕಡೆ ಅದರಲ್ಲೂ ಮಾಂಸ ಇರುತ್ತದೆ. ಮನೆಯಲ್ಲಾದರೆ ಸುಲಭ. ಇದೇ ರೂ, ತರಕಾರಿ ಸ್ಟಾಕ್, ಚೆನ್ನಾಗಿ ಕೆಂಪಗೆ ಹುರಿದ ಅಣಬೆ, ಬೆಂಡೆಕಾಯಿ, ಸಿಕ್ಕ ಸೊಪ್ಪುಗಳು. ಸಾಸೇಜ್‌ನ ಹೊಗೆ ವಾಸನೆಗೆ ಒಂದು ಚಮಚ ಸ್ಮೋಕ್ಡ್ ಪಾಪ್ರಿಕಾ.