ಕೊರಿಯನ್ ಅಡುಗೆ ಕಲೀಬೇಕಾ? ಸೊಪ್ಪಿನಿಂದ ಶುರು ಮಾಡಿ

ರೂಮಲ್ಲಿ ಕೊರಿಯನ್ ಅಡುಗೆ ಮಾಡ್ತೀನಿ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: "ಯಾವ ನೂಡಲ್ಸ್ ಪ್ಯಾಕೆಟ್ ತರ್ತೀಯಾ?" ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ನೂಡಲ್ಸ್ ನನಗೂ ಇಷ್ಟವೇ. ಆದರೆ ನೀರು ಕುದಿಸಿ ಪುಡಿ ಸುರಿಯೋದರಲ್ಲಿ ಕಲಿಯೋಕೆ ಏನಿದೆ? ಕೊರಿಯಾದ ಮನೆಗಳಲ್ಲಿ ಊಟ ಅಂದರೆ ಅನ್ನ, ಒಂದು ಸಾರು, ಜೊತೆಗೆ ಸಣ್ಣ ಸಣ್ಣ ಬಟ್ಟಲಲ್ಲಿ ನೆಂಚಿಕೊಳ್ಳೋಕೆ ಎರಡು ಮೂರು ಪದಾರ್ಥ. ಆ ಬಟ್ಟಲುಗಳಿಗೆ ಬಾಂಚಾನ್ ಅಂತಾರೆ. ಅದರಲ್ಲಿ ಸೊಪ್ಪು, ಮೊಳಕೆಕಾಳು, ತರಕಾರಿಯಲ್ಲಿ ಮಾಡೋದು ನಾಮುಲ್. ಓದೋಕೆ ಅಂತ ಮೈಸೂರಿಗೆ ಬಂದು ರೂಮು ಮಾಡಿಕೊಂಡಿರುವ ನಮ್ಮಂಥವರು ಶುರು ಮಾಡಬೇಕಾದ್ದು ಈ ನಾಮುಲ್‌ನಿಂದ.

ಸರಸ್ವತಿಪುರಂನ ನಮ್ಮ ರೂಮಲ್ಲಿ ಮೂರು ಜನ ಇದ್ದೀವಿ. ಇರೋದು ಒಂದು ಇಂಡಕ್ಷನ್ ಒಲೆ, ಎರಡು ಪಾತ್ರೆ, ಒಂದು ಸಣ್ಣ ಮಿಕ್ಸಿ. ಇಷ್ಟರಲ್ಲೇ ಮೂರು ನಾಮುಲ್ ಆಗುತ್ತದೆ, ಅದೂ ಒಂದೇ ನೀರಲ್ಲಿ. ನೀರಿಗೆ ಉಪ್ಪು ಹಾಕಿ ಚೆನ್ನಾಗಿ ಕುದಿಸಿ. ಮೊದಲು ಮೊಳಕೆ ಬಂದ ಹೆಸರುಕಾಳು, ಆಮೇಲೆ ಸಣ್ಣಗೆ ಹೆಚ್ಚಿದ ಕ್ಯಾರೆಟ್, ಕೊನೆಗೆ ಪಾಲಕ್. ಪಾಲಕ್ ನೀರಿಗೆ ಬಣ್ಣ ಬಿಡುತ್ತದೆ, ಅದಕ್ಕೇ ಕೊನೆಗೆ. ಅದಕ್ಕೆ ಅರ್ಧ ನಿಮಿಷ ಸಾಕು. ತೆಗೆದ ತಕ್ಷಣ ತಣ್ಣೀರಿಗೆ ಹಾಕಿ, ಎರಡೂ ಕೈಯಲ್ಲಿ ಉಂಡೆ ಕಟ್ಟಿ ಹಿಂಡಬೇಕು. ಸುಮ್ನೆ ಒತ್ತಿದರೆ ಸಾಲದು. ನೀರು ಉಳಿದರೆ ಉಪ್ಪು ಖಾರ ಯಾವುದೂ ಹಿಡಿಯಲ್ಲ. ಆಮೇಲೆ ಅರ್ಧ ಎಸಳು ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಸೋಯಾ ಸಾಸ್, ಆಗ ತಾನೇ ಹುರಿದು ಕುಟ್ಟಿದ ಎಳ್ಳು ಹಾಕಿ ಕೈಯಲ್ಲೇ ಕಲಸಬೇಕು. ಕೊರಿಯಾದ ಎಳ್ಳೆಣ್ಣೆ ಹುರಿದ ಎಳ್ಳಿನದ್ದು, ನಮ್ಮ ಅಂಗಡಿ ಎಳ್ಳೆಣ್ಣೆಯಲ್ಲಿ ಆ ಘಮ ಇರಲ್ಲ. ಅದಕ್ಕೇ ಎಳ್ಳು ಹುರಿಯೋದನ್ನು ಮಾತ್ರ ಬಿಡಬೇಡಿ. ಈ ಮೂರನ್ನೂ ಅನ್ನದ ಮೇಲೆ ಹಾಕಿ, ಒಂದು ಮೊಟ್ಟೆ ಹುರಿದಿಟ್ಟು ಕಲಸಿದರೆ ಅದೇ ಬಿಬಿಂಬಾಪ್. ಹೆಸರಿನ ಅರ್ಥವೇ ಕಲಸಿದ ಅನ್ನ.

ಹೋದ ಯುಗಾದಿಗೆ ಮಂಡ್ಯದ ಹತ್ತಿರ ನಮ್ಮೂರಿಗೆ ಹೋದಾಗ ಅವ್ವನ ಅಡುಗೆಮನೆಯಲ್ಲಿ ಇದನ್ನೇ ಮಾಡಿದೆ. ಸೊಪ್ಪು ಹಿಂಡೋದನ್ನು ನೋಡುತ್ತಾ ನಿಂತಿದ್ದ ಅವ್ವ, "ಇದು ಬಸ್ಸಾರಿನ ಪಲ್ಯ ಅಲ್ವೇನವ್ವ? ಆ ನೀರ್ ಚೆಲ್ಬೇಡ, ಸಾರಿಗಾಯ್ತದೆ" ಅಂದಳು. ನಾನು ಹಾಗೇ ನಿಂತುಬಿಟ್ಟೆ. ಕೊರಿಯಾದಲ್ಲೂ ಸೋಯಾಕಾಳಿನ ಮೊಳಕೆ ಬೇಯಿಸಿ, ಕಾಳಲ್ಲಿ ನಾಮುಲ್ ಮಾಡಿ, ಬೆಂದ ನೀರಲ್ಲಿ ಸಾರು ಕಾಯಿಸುತ್ತಾರೆ. ಸೊಪ್ಪು ಬಸಿಯೋದು, ಕಟ್ಟು ಎತ್ತಿಡೋದು ನಮ್ಮ ಮನೆಯಲ್ಲಿ ದಿನಾ ನಡೆಯೋ ಕೆಲಸ. ನಾನು ಹುಟ್ಟಿದಾಗಿಂದ ನೋಡಿದ್ದೆ, ಒಂದು ದಿನವೂ ಕೈ ಹಾಕಿರಲಿಲ್ಲ.

ಅನ್ನದ ವಿಷಯವೂ ಅವ್ವನಿಂದಲೇ ಬಗೆಹರಿಯಿತು. ಕೊರಿಯಾದ ಅಕ್ಕಿ ಗಿಡ್ಡ, ಅನ್ನ ಅಂಟಂಟು. ಆ ಅಕ್ಕಿ ಇಲ್ಲಿ ತುಂಬಾ ದುಬಾರಿ. ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತೆ ಅಂತ ನಮ್ಮಲ್ಲಿ ಯಾವಾಗಲೂ ದೂರು. ನನಗೆ ಬೇಕಾದ್ದು ಅದೇ ಅಲ್ವಾ? ಗದ್ದೆಯಿಂದ ಬಂದ ಹೊಸ ಅಕ್ಕಿ ಐದು ಕೆಜಿ ತಂದೆ. ಈಗ ಕಿಂಬಾಪ್ (ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿ ಮಾಡೋದು) ಸುರುಳಿ ಬಿಚ್ಚಿಕೊಳ್ಳಲ್ಲ.

ಕೋಸಿಗೆ ಉಪ್ಪು ಖಾರ ಹಚ್ಚಿ ಹುಳಿ ಬರಿಸೋ ಕಿಮ್ಚಿ ಮಾತ್ರ ಮೊದಲ ಸಲ ಪೂರ್ತಿ ಹಾಳಾಯಿತು. ವಿಡಿಯೋದಲ್ಲಿ ಹೇಳಿದಂತೆ ಕಪ್ಪಿನ ಲೆಕ್ಕದಲ್ಲೇ ಉಪ್ಪು ಹಾಕಿದ್ದೆ. ಅವರು ಬಳಸೋದು ದಪ್ಪ ಸಮುದ್ರದ ಉಪ್ಪು, ನಾನು ಹಾಕಿದ್ದು ಪುಡಿ ಉಪ್ಪು. ಒಂದೇ ಕಪ್ಪಲ್ಲಿ ಪುಡಿ ಉಪ್ಪು ಜಾಸ್ತಿ ತೂಗುತ್ತದೆ. ಒಂದೂವರೆ ಕೆಜಿ ಕೋಸು ಬಾಯಿಗಿಡೋಕೆ ಆಗಲಿಲ್ಲ. ಅವತ್ತು ನಿಜವಾಗಲೂ ಅತ್ತೆ, ತಿಂಗಳ ಕೊನೆಯ ದುಡ್ಡು ಅದು. ಈಗ ಕಲ್ಲುಪ್ಪೇ ತರೋದು, ತೂಕ ಮಾಡೇ ಹಾಕೋದು. ಉಪ್ಪು ಹಚ್ಚಿ ಎರಡು ಗಂಟೆ ಬಿಟ್ಟು, ಮೂರು ಸಲ ತೊಳೆದು, ಒಂದು ಎಲೆ ಕಿತ್ತು ತಿಂದು ನೋಡುತ್ತೇನೆ. ಚೀನಾ ಕೋಸು ಸಿಗದಿದ್ದರೆ ನಮ್ಮ ಮಾಮೂಲಿ ಎಲೆಕೋಸೂ ಆಗುತ್ತದೆ.

ಖಾರಕ್ಕೆ ಗೊಚುಗಾರು, ಅಂದರೆ ಕೊರಿಯಾದ ಮೆಣಸಿನಪುಡಿ, ಪ್ಯಾಕೆಟ್ ತರಲೇಬೇಕು ಅಂತ ಏನಿಲ್ಲ. ದೇವರಾಜ ಮಾರುಕಟ್ಟೆಯಿಂದ ಬ್ಯಾಡಗಿ ತಂದು, ಬೀಜ ಉದುರಿಸಿ, ಬಿಸಿಲಲ್ಲಿ ಒಣಗಿಸಿ, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ ತರಿತರಿ ಮಾಡಿಕೊಳ್ಳಿ. ಬಣ್ಣ ಜಾಸ್ತಿ, ಖಾರ ಕಮ್ಮಿ, ಕಿಮ್ಚಿಗೆ ಬೇಕಾದ್ದೂ ಅದೇ. ಮೀನಿನ ಸಾಸ್ ಇಲ್ಲದೆಯೂ ಮಾಡಬಹುದು. ಕೊರಿಯಾದ ಬೌದ್ಧ ಮಠಗಳಲ್ಲಿ ಮೀನು ಮಾಂಸ ಇರಲಿ, ಬೆಳ್ಳುಳ್ಳಿಯನ್ನೂ ಸೇರಿಸಲ್ಲ. ಕಲಸಿ ಬಾಟಲಿಗೆ ಒತ್ತಿ ತುಂಬಿದ ಮೇಲೆ ನಮ್ಮ ಮೈಸೂರಿನ ಸೆಕೆಗೆ ಒಂದೂವರೆ ದಿನದಲ್ಲೇ ಗುಳ್ಳೆ ಬರುತ್ತದೆ. ದೋಸೆ ಹಿಟ್ಟು ಹುಳಿ ಬಂದ ಹಾಗೇ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾದ ಜಾತಿಯವೇ ಕಿಮ್ಚಿಯಲ್ಲೂ ಕೆಲಸ ಮಾಡೋದು. ಆಮೇಲೆ ಫ್ರಿಜ್ಜಿಗೆ ಇಡಬೇಕು.

"ಮೊದಲು ಮುದ್ದೆ ತಿರುವೋದು ಕಲಿ, ಪರದೇಶದ್ದು ಯಾಕೆ" ಅಂತ ನೆಂಟರು ಹೇಳಿದ್ದಾರೆ. ಅವರ ಮೇಲೆ ಸಿಟ್ಟಿಲ್ಲ. ಆದರೆ ಮೆಣಸಿನಕಾಯಿಯೂ ಪರದೇಶದ್ದೇ ಅಲ್ವಾ? ಅಮೆರಿಕ ಖಂಡದಿಂದ ಹಡಗಲ್ಲಿ ನಮಗೂ ಬಂತು, ಅವರಿಗೂ ಬಂತು. ಅದಕ್ಕಿಂತ ಮೊದಲು ಕಿಮ್ಚಿಯಲ್ಲಿ ಈ ಖಾರ ಇರಲಿಲ್ಲ, ನಮ್ಮ ಸಾರಲ್ಲೂ ಇರಲಿಲ್ಲ. ಬಸ್ಸಾರು ನಾನು ಈಗ ವಾರಕ್ಕೊಂದು ಸಲ ಮಾಡುತ್ತೇನೆ. ಕಲಿತದ್ದು ಪಾಲಕ್ ಹಿಂಡಿ ಹಿಂಡಿ.

ಚಳಿಗಾಲಕ್ಕೆ ಮೊದಲು ಮನೆಯವರು, ಅಕ್ಕಪಕ್ಕದವರು ಸೇರಿ ರಾಶಿ ಕಿಮ್ಚಿ ಹಾಕಿ ಹಂಚಿಕೊಳ್ಳೋದಕ್ಕೆ ಅಲ್ಲಿ ಕಿಮ್ಜಾಂಗ್ ಅಂತಾರೆ. 2013ರಲ್ಲಿ ಯುನೆಸ್ಕೋ ದಕ್ಷಿಣ ಕೊರಿಯಾದ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಭಾನುವಾರ ನಾವು ಮೂವರೂ ನಾಲ್ಕು ಕೆಜಿ ಕೋಸು ಹಾಕುತ್ತಿದ್ದೇವೆ. ಸರಸ್ವತಿಪುರಂ, ಕುವೆಂಪುನಗರ ಕಡೆ ಇರೋ ಗೆಳೆಯರು ಯಾರಿಗೆ ಬೇಕೋ ತೊಳೆದು ಒಣಗಿಸಿದ ಗಾಜಿನ ಬಾಟಲಿ ತನ್ನಿ. ಬೆಳ್ಳುಳ್ಳಿ ಸುಲಿಯೋಕೆ ಬರೋದಾದರೆ ಹತ್ತು ಗಂಟೆಗೇ ಬನ್ನಿ.