ಅಡಿಕೆ ಅಂಗಳದಲ್ಲಿ ಆರು ಮೂಲೆ

ಬ್ಯಾಡ್ಮಿಂಟನ್ ನೆಟ್ಟಿನ ನಡುಭಾಗದ ಎತ್ತರ 1.524 ಮೀಟರ್. ಇದನ್ನು ನಾನು ನಿಯಮದ ಪುಸ್ತಕ ಓದಿ ತಿಳಿದವನಲ್ಲ. ನನ್ನ ಸರ್ವಿಸ್ ದಿನಾ ಸಂಜೆ ಅಲ್ಲಿಂದ ಒಂದು ಗೇಣು ಕೆಳಗೆ ಬಡಿದು ಬೀಳುತ್ತಿದ್ದುದರಿಂದ, ಕಡಿಮೆ ಬಿದ್ದ ಆ ಗೇಣನ್ನು ಹುಡುಕುತ್ತ ಹೋಗಿ ತಿಳಿದವನು. ಜೊತೆಗಾರರಾಗಿ ಆಡುವ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಸಂಬಂಧದ ಮರ್ಯಾದೆಗೆ ಕಟ್ಟುಬಿದ್ದು ಒಂದು ತಿಂಗಳು ಸುಮ್ಮನಿದ್ದರು. ಆಮೇಲೆ ಒಂದು ದಿನ ಬೆವರು ಒರೆಸಿಕೊಳ್ಳುತ್ತ, "ಭಾವ, ಶಾಲೆಯಲ್ಲಿ ಮಕ್ಕಳು ಕಾಗುಣಿತ ತಪ್ಪಿದರೆ ನೀವು ನೂರು ಸಲ ಬರೆಸುವುದಿಲ್ಲವಾ? ಇದನ್ನೂ ಹಾಗೆಯೇ ಮನೆಯಲ್ಲಿ ಮಾಡಿಕೊಂಡು ಬನ್ನಿ" ಎಂದರು. ಇಪ್ಪತ್ತೇಳು ವರ್ಷಗಳಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಮಕ್ಕಳಿಗೆ ಕನ್ನಡ ಕಲಿಸುತ್ತ ಬಂದ ನನಗೆ, ಕೊಟ್ಟ ಶಿಕ್ಷೆ ಹೀಗೆ ಬಡ್ಡಿಸಹಿತ ತಿರುಗಿ ಬರುತ್ತದೆಂಬ ಕಲ್ಪನೆ ಇರಲಿಲ್ಲ.

ಪೇಟೆಯ ಒಳಾಂಗಣದಲ್ಲಿ ಎಳೆಯರಿಗೆ ಆಟ ಹೇಳಿಕೊಡಲು ಕಾಞಂಗಾಡಿನ ಕಡೆಯಿಂದ ಒಬ್ಬ ಯುವಕ ಬರುತ್ತಾನೆ. ನನ್ನ ಆಟವನ್ನು ಹತ್ತು ನಿಮಿಷ ನೋಡಿದವನು, "ಮಾಷೇ, ಕೈಯಲ್ಲ, ಕಾಲ್!" ಎಂದು ಕೂಗಿದ. ಅದು ಮಲಯಾಳವೋ ಕನ್ನಡವೋ ಎಂದು ಯೋಚಿಸುವ ಅಗತ್ಯವಿಲ್ಲದಷ್ಟು ಅರ್ಥ ಸ್ಪಷ್ಟವಾಗಿತ್ತು. ಕೊನೆಗೆ ಅವನು ಕೈಯೆತ್ತಿ "ಮತಿ, ಮತಿ" ಎಂದ. ಮಲಯಾಳದಲ್ಲಿ ಮತಿ ಎಂದರೆ ಸಾಕು ಎಂದರ್ಥ. ಆ ಹೊತ್ತಿಗೆ ಕನ್ನಡದ ಅರ್ಥವೂ ನನಗೆ ತೀರ ಅಗತ್ಯವಾಗಿತ್ತು.

ಸರ್ವಿಸ್ ಅಭ್ಯಾಸದಿಂದ ಆರಂಭಿಸಿದೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 2018ರಿಂದ, ಸರ್ವಿಸ್ ಹೊಡೆಯುವಾಗ ಶಟಲ್ ಪೂರ್ತಿಯಾಗಿ ನೆಲದಿಂದ 1.15 ಮೀಟರಿಗಿಂತ ಕೆಳಗೆ ಇರಬೇಕೆಂಬ ನಿಯಮ ಬಂದಿದೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲವಾದರೂ ತಯಾರಿಯಲ್ಲಿ ಕೊರತೆ ಇರಬಾರದೆಂದು, ಬೋರ್ಡೋ ದ್ರಾವಣ ಮಾಡಿ ಉಳಿದಿದ್ದ ಮೈಲುತುತ್ತನ್ನು ನೀರಿನಲ್ಲಿ ಕದಡಿ, ಸುಣ್ಣ ಬಳಿದ ಜಗಲಿಯ ಗೋಡೆಯ ಮೇಲೆ ಆ ಎತ್ತರಕ್ಕೆ ಒಂದು ನೀಲಿ ಗೆರೆ ಎಳೆದೆ. ಬಟ್ಟೆ ಒಣಗಿಸುವ ಹಗ್ಗವನ್ನು ಬಿಗಿದು ನೆಟ್ಟಿನ ಎತ್ತರಕ್ಕೆ ತಂದೆ. ಶಾರ್ಟ್ ಸರ್ವಿಸ್ ಗೆರೆ ನೆಟ್ಟಿನಿಂದ 1.98 ಮೀಟರ್ ದೂರ. ಅದಕ್ಕೆ ತಾಗಿದಂತೆ ಒಂದು ಅಡಿಕೆ ಹಾಳೆಯನ್ನು ಮಗುಚಿಟ್ಟು, ಶಟಲ್ ಹಗ್ಗವನ್ನು ಸವರಿಕೊಂಡು ಹೋಗಿ ಹಾಳೆಯ ಮೇಲೆ ಬೀಳಬೇಕೆಂದು ಗುರಿ ಇಟ್ಟುಕೊಂಡೆ. ಹೆಬ್ಬೆರಳನ್ನು ರ‍್ಯಾಕೆಟ್ ಹಿಡಿಯ ಹಿಂಬದಿಗೆ ಒತ್ತಿ, ಕೈ ಬೀಸದೆ, ಮೆಲ್ಲನೆ ನೂಕಬೇಕೆಂಬುದು ಪಾಠ. ಮೊದಲ ದಿನದ ನೂರರಲ್ಲಿ ಹಾಳೆಗೆ ಬಿದ್ದವು ಮೂರು. ಒದ್ದೆ ಸೀರೆಗೆ ಬಿದ್ದವು ಅನೇಕ. ಒಂದನ್ನು ನಾಯಿ ಕಚ್ಚಿಕೊಂಡು ತೋಟದ ಕಡೆ ಹೋಯಿತು. ನೀಲಿ ಗೆರೆಯನ್ನು ನೋಡಿದ ಅಮ್ಮ, ಮಂಗಳೂರಿನಲ್ಲಿರುವ ಮೊಮ್ಮಗನ ಎತ್ತರವನ್ನು ಗುರುತು ಹಾಕಿದ್ದೇನೆಂದು ಭಾವಿಸಿ ಎರಡು ದಿನ ಸಂತೋಷದಲ್ಲಿದ್ದರು. ನಿಜಾಂಶ ತಿಳಿದ ಮೇಲೆ ಆ ಗೋಡೆಯ ಕಡೆಗೆ ನೋಡುವುದನ್ನೇ ಬಿಟ್ಟರು.

ಶಟಲನ್ನು ಎತ್ತರಕ್ಕೆ ಹಾರಿಸಿ ಎದುರಿನ ಅಂಕಣದ ಹಿಂಬದಿಗೆ ಕಳುಹಿಸುವ ಕ್ಲಿಯರ್ ಹೊಡೆತದ ಅಭ್ಯಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಶಟಲನ್ನು ತಲೆಯ ಮೇಲೆ, ಕೈ ಪೂರ್ತಿ ಚಾಚಿದ ಎತ್ತರದಲ್ಲಿ ಹೊಡೆಯುವ ರೂಢಿಯಾಗಲೆಂದು ಅದನ್ನು ದಾರಕ್ಕೆ ಕಟ್ಟಿ ಮಾವಿನ ಗೆಲ್ಲಿಗೆ ನೇತುಹಾಕಿದೆ. ಆ ಗೆಲ್ಲಿನಲ್ಲಿ ಚಗಳಿ ಇರುವೆಯ ಗೂಡಿತ್ತು. ಅಂದು ಸಂಜೆ ನಾನು ತೋರಿಸಿದ ವೇಗವನ್ನು ಆ ಯುವಕ ನೋಡಿದ್ದರೆ ಕಾಲಿನ ವಿಷಯವಾಗಿ ತನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತಿದ್ದ.

ವಿಸ್ತಾರವಾಗಿ ಹೇಳಬೇಕಾದದ್ದು ಅಟ್ಟಿನಳಗೆಯ, ಅಂದರೆ ಹಬೆಯಲ್ಲಿ ಬೇಯಿಸುವ ಪಾತ್ರೆಯ ಪ್ರಕರಣ. ನೈಲಾನ್ ಶಟಲ್‌ಗಳಿಂದ ಬೇಸತ್ತು, ಹದಿನಾರು ಗರಿಗಳ, ಐದು ಗ್ರಾಮಿನಷ್ಟು ತೂಗುವ ಅಸಲಿ ಶಟಲ್‌ಗಳ ಒಂದು ಡಬ್ಬಿಯನ್ನು ಕೊಂಡಿದ್ದೆ. ಅವುಗಳ ಬೆಲೆಯನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ. ಗರಿ ಒಣಗಿದ್ದರೆ ಬೇಗ ಮುರಿಯುತ್ತದೆ, ಆಡುವ ಮೊದಲು ಸ್ವಲ್ಪ ಹಬೆ ಹಿಡಿಸಿದರೆ ಹೆಚ್ಚು ಬಾಳುತ್ತದೆ ಎಂದು ಭಾವ ಹೇಳಿದ್ದರು. ಡಬ್ಬಿಯ ಬಾಯಿಯನ್ನು ಕೆಲವೇ ಕ್ಷಣ ಹಬೆಗೆ ಹಿಡಿಯಬೇಕೆಂದೂ ಅವರು ಹೇಳಿದ್ದರಂತೆ; ಆ ಭಾಗ ನನಗೆ ಕೇಳಿಸಿರಲಿಲ್ಲ. ಹಬೆ ಎಂದೊಡನೆ ನನ್ನ ಮನಸ್ಸು ನೇರವಾಗಿ ಅಡುಗೆಮನೆಗೆ ಹೋಯಿತು. ಹೆಂಡತಿ ಪೇಟೆಗೆ ಹೋದ ಸಮಯ ನೋಡಿ ಅಟ್ಟಿನಳಗೆಗೆ ನೀರು ಹಾಕಿ, ಮೇಲಿನ ತಟ್ಟೆಯಲ್ಲಿ ಬಾಳೆಲೆ ಹಾಸಿ, ಕೊಟ್ಟಿಗೆ ಕಡುಬು ಬೇಯಿಸುವಾಗ ಜೋಡಿಸುವಂತೆಯೇ ಆರು ಶಟಲ್‌ಗಳನ್ನು ಜೋಡಿಸಿ, ಮುಚ್ಚಳ ಮುಚ್ಚಿ, ಪತ್ರಿಕೆ ಓದುತ್ತ ಕುಳಿತೆ. ಹತ್ತು ನಿಮಿಷ ಕಳೆದಿರಬೇಕು. ಹಸಿಗರಿಯೂ ಅಂಟೂ ಬೆಂದ ಒಂದು ವಾಸನೆ ಅಡುಗೆಮನೆಯಿಂದ ಹೊರಟು, ನಡುಮನೆಯನ್ನು ದಾಟಿ, ದೇವರ ಕೋಣೆಯ ಬಾಗಿಲಲ್ಲಿ ಜಪಮಾಲೆ ಹಿಡಿದು ಕುಳಿತಿದ್ದ ಅಮ್ಮನನ್ನು ತಲುಪಿತು. ಅಂದು ಏಕಾದಶಿ.

"ಒಳಗೆ ಎಂತ ಬೇಯುತ್ತಿದೆ?" ಎಂದು ಕೇಳಿದರು. ನಾನು ಶಟಲ್ ಎಂದೆ. ಅದು ಎಂತದರದ್ದು ಎಂದು ಕೇಳಿದರು. ನಾಲ್ಕನೇ ತರಗತಿಯಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಕಲಿಸುವವನಾದ ನಾನು, ಬಾತುಕೋಳಿಯ ಇಲ್ಲವೇ ಹೆಬ್ಬಾತಿನ ಗರಿ ಎಂದು ವಿವರವಾಗಿ ಹೇಳಿದೆ. ಈಗ ಯೋಚಿಸಿದರೆ, ಕಾರ್ಕ್ ಮರದ ತೊಗಟೆ ಎಂದಷ್ಟೇ ಹೇಳಬಹುದಿತ್ತು, ಅದೂ ಸುಳ್ಳಾಗುತ್ತಿರಲಿಲ್ಲ. ಮುಚ್ಚಳ ತೆಗೆದಾಗ ಕಾರ್ಕುಗಳು ಒಂದು ಕಡೆ, ಗರಿಗಳು ಒಂದು ಕಡೆ ಬೇರ್ಪಟ್ಟು, ಗರಿಗಳು ಕೆಸುವಿನೆಲೆಯ ಹಾಗೆ ಬಾಡಿ ಬಿದ್ದಿದ್ದವು. ಅಟ್ಟಿನಳಗೆ ಅಂದೇ ಹಟ್ಟಿಗೆ ಹೋಗಿ, ಈಗ ಅಲ್ಲಿ ದನಗಳಿಗೆ ಹಿಂಡಿ ಕಲಸುವ ಪಾತ್ರೆಯಾಗಿದೆ. ಹೊಸದನ್ನು ತರಲು ಹೆಂಡತಿ ನನ್ನನ್ನೇ ಕಳುಹಿಸಿದಳು.

ಪ್ರಕಾಶ್ ಪಡುಕೋಣೆಯವರು ಮಲ್ಲೇಶ್ವರದ ಒಂದು ಮದುವೆ ಹಾಲ್‌ನಲ್ಲಿ ಆಡಿ ಕಲಿತು, 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದರೆಂಬ ಸಂಗತಿಯನ್ನು ಆ ರಾತ್ರಿ ಊಟದ ಹೊತ್ತಿಗೆ ಪ್ರಸ್ತಾಪಿಸಿದೆ. ಅನುಕೂಲವಿಲ್ಲದ ಜಾಗದಲ್ಲಿಯೂ ಸಾಧನೆ ಸಾಧ್ಯ ಎಂಬುದು ನನ್ನ ವಾದ. "ಅವರು ಮದುವೆ ಇಲ್ಲದ ದಿನ ಆಡಿದ್ದು. ನೀವು ಅಡಿಕೆ ಇರುವ ದಿನವೂ ಅಂಗಳದಲ್ಲಿ ಕುಣಿಯುತ್ತೀರಿ" ಎಂದು ಹೇಳಿ ಹೆಂಡತಿ ಮಜ್ಜಿಗೆ ಬಡಿಸಿದಳು.

ಕುಣಿತದ ಮಾತು ಸುಳ್ಳಲ್ಲ. ಕಾಲಿನ ಅಭ್ಯಾಸಕ್ಕೆ ಶಟಲ್ ಬೇಕಾಗಿಲ್ಲ. ಅಂಕಣದ ನಡುವೆ ನಿಂತು, ಮುಂದಿನ ಎರಡು, ಬದಿಯ ಎರಡು, ಹಿಂದಿನ ಎರಡು, ಹೀಗೆ ಆರು ಮೂಲೆಗಳಿಗೆ ಒಂದೊಂದು ಸಲ ಹೋಗಿ, ಇಲ್ಲದ ಶಟಲನ್ನು ಹೊಡೆದು, ಮತ್ತೆ ನಡುವಿಗೆ ಮರಳಬೇಕು. ಎದುರಾಳಿ ಹೊಡೆಯುವ ಕ್ಷಣಕ್ಕೆ ಸರಿಯಾಗಿ ಎರಡೂ ಕಾಲನ್ನು ನೆಲದಿಂದ ಸ್ವಲ್ಪವೇ ಎತ್ತಿ ಊರಬೇಕು. ಆಗ ಯಾವ ಕಡೆಗಾದರೂ ಥಟ್ಟನೆ ಹೊರಡಬಹುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಹೆಜ್ಜೆಗಾರಿಕೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ ಎಂಬ ಅಹಂಕಾರ ನನಗಿತ್ತು. ಬಾಲ್ಯದಲ್ಲಿ ಒಂದು ಮಳೆಗಾಲ ಯಕ್ಷಗಾನದ ಹೆಜ್ಜೆಯನ್ನೂ ಕಲಿತಿದ್ದೆ. ತೊಂದರೆಯಾದದ್ದು ಅಲ್ಲಿಯೇ. ಎರಡು ಅಂಗುಲ ನೆಗೆಯಬೇಕಾದಲ್ಲಿ ನಾನು ಯಕ್ಷಗಾನದ ವೇಷಧಾರಿಯಂತೆ ಗಿರಕಿ ಹೊಡೆದು ಹಾರುವ ಧೀಂಗಿಣ ಹಾಕುತ್ತಿದ್ದೆ. ಧೀಂಗಿಣ ಮುಗಿಸಿ ನೆಲಕ್ಕೆ ಬರುವಷ್ಟರಲ್ಲಿ ಶಟಲ್ ಬಿದ್ದು, ಎದುರಿನವರು ಅಂಕ ಎಣಿಸಿ ಆಗಿರುತ್ತಿತ್ತು.

ಅಡಿಕೆ ಹರವಿದ ಅಂಗಳದಲ್ಲಿ ಆರು ಮೂಲೆಗೆ ಜಾಗ ಮಾಡಿಕೊಳ್ಳುವುದು ಸುಲಭವಲ್ಲ. ಅಡಿಕೆ ಬಿಸಿಲಿನಲ್ಲಿ ಒಣಗಲು ನಲವತ್ತು ದಿನ ಬೇಕು. ಅಷ್ಟು ದಿನ ಆಟ ನಿಲ್ಲಿಸಿದರೆ ಕಲಿತದ್ದು ಮರೆಯುತ್ತದೆ. ನಡುವೆ ಸ್ವಲ್ಪ ಗುಡಿಸಿಕೊಂಡು ಬೆಳಗ್ಗೆ ಅಭ್ಯಾಸ ಮಾಡುತ್ತಿದ್ದಾಗ, ಬಲಗಾಲನ್ನು ಉದ್ದಕ್ಕೆ ಚಾಚಿ ನೆಟ್ಟಿನ ಬಳಿಯ ಶಟಲನ್ನು ಎತ್ತುವ ಭಂಗಿಯಲ್ಲಿ ಹಿಮ್ಮಡಿಯ ಅಡಿಗೆ ಎರಡು ಗೋಟು ಅಡಿಕೆ ಸಿಕ್ಕಿದವು. ಕಾಲು ತಾನಾಗಿ ಮುಂದುವರಿಯಿತು, ನಾನು ಅಲ್ಲಿಯೇ ಉಳಿದೆ. ಅಡಿಕೆ ಕೊಯ್ಯಲು ಬಂದವರು ಅದಕ್ಕೂ ಮೊದಲೇ ತೋಟದ ಅಂಚಿನಲ್ಲಿ ನಿಂತು, ಬರಿಗಾಳಿಗೆ ಬೀಸುತ್ತ ಹಿಂದೆಮುಂದೆ ಓಡುವ ನನ್ನನ್ನು ಸ್ವಲ್ಪ ಹೊತ್ತು ನೋಡಿದ್ದರಂತೆ. ಮಾಷ್ಟ್ರ ಮೈಮೇಲೆ ಬರುವುದು ಯಾವಾಗಿನಿಂದ ಎಂದು ಅವರು ತುಳುವಿನಲ್ಲಿ ಹೆಂಡತಿಯನ್ನು ವಿಚಾರಿಸಿದರು. ಅವಳು ಅದನ್ನು ಅಲ್ಲಗಳೆಯಲಿಲ್ಲ.

ಹೀಗೆ ಎರಡು ತಿಂಗಳ ನಂತರ ಒಂದು ಶನಿವಾರ ಸಂಜೆ, 19–20ರಲ್ಲಿ ನನ್ನ ಸರ್ವಿಸ್ ಬಂತು. ನೀಲಿ ಗೆರೆಯನ್ನೂ ಬಟ್ಟೆಯ ಹಗ್ಗವನ್ನೂ ನೆನೆದು, ಹೆಬ್ಬೆರಳಿನಿಂದ ಮೆಲ್ಲನೆ ನೂಕಿದೆ. ಶಟಲ್ ನೆಟ್ಟನ್ನು ಒಂದು ಬೆರಳಿನಷ್ಟು ಅಂತರದಲ್ಲಿ ದಾಟಿ, ಹಾಳೆ ಇರಬೇಕಾದ ಜಾಗಕ್ಕೇ ಇಳಿಯತೊಡಗಿತು. ಎದುರಾಳಿ ತಡವರಿಸಿ ಅದನ್ನು ಹೇಗೋ ನನ್ನ ಎಡಬದಿಗೆ, ನೆಟ್ಟಿಗೆ ತಾಗಿದಂತೆ ಹಾಕಿದರು. ನನ್ನ ಕಾಲು ಯಾರ ಅಪ್ಪಣೆಗೂ ಕಾಯದೆ, ಚೊಕ್ಕವಾಗಿ, ಧೀಂಗಿಣವಿಲ್ಲದೆ ಹೊರಟಿತು. ಹೊರಟದ್ದು ಬಲಕ್ಕೆ. ಎರಡು ತಿಂಗಳೂ ಬಲ ಮುಂದೆ, ಎಡ ಮುಂದೆ, ಬಲ ಬದಿ, ಎಡ ಬದಿ ಎಂದು ಮಗ್ಗಿ ಒಪ್ಪಿಸುವಂತೆ ಒಂದೇ ಕ್ರಮದಲ್ಲಿ ಓಡಿದ್ದೆ. ಕಾಲು ಪಾಠವನ್ನು ಬಾಯಿಪಾಠ ಮಾಡಿತ್ತು. ಭಾವ ಏನೂ ಹೇಳಲಿಲ್ಲ. ಯುವಕ ಮಾತ್ರ, ಕ್ರಮ ತಪ್ಪಿಸಿ ಮೂಲೆ ತೋರಿಸಲು ಎದುರಿಗೆ ಯಾರಾದರೂ ಬೇಕೆಂದ.

ಆ ಕೆಲಸವನ್ನು ಈಗ ಅಮ್ಮ ವಹಿಸಿಕೊಂಡಿದ್ದಾರೆ. ಬೆಳಗಿನ ಕಾಫಿಯಾದ ಮೇಲೆ ಜಗಲಿಯಲ್ಲಿ ಕುಳಿತು ಊರುಗೋಲನ್ನು ಅತ್ತ, ಇತ್ತ, ಹಿಂದಕ್ಕೆ, ಮುಂದಕ್ಕೆ ತೋರಿಸುತ್ತಾರೆ. ಏಕಾದಶಿಯ ಲೆಕ್ಕ ಇನ್ನೂ ಚುಕ್ತಾ ಆಗದ ಕಾರಣ ಬಿಡುವು ಕೊಡುವುದಿಲ್ಲ. ಮೊನ್ನೆ ಕೋಲು ಐದಾರು ಸಲ ಬಿಡದೆ ಎಡ ಹಿಂಬದಿಯ ಮೂಲೆಯನ್ನೇ ತೋರಿಸಿತು. ನನ್ನ ದುರ್ಬಲ ಮೂಲೆ ಅದೇ ಆದ್ದರಿಂದ, ಈ ವಯಸ್ಸಿನಲ್ಲಿಯೂ ಇಷ್ಟು ಸೂಕ್ಷ್ಮವಾಗಿ ಗಮನಿಸಿದ್ದಾರಲ್ಲಾ ಎಂದು ಮನಸ್ಸಿನಲ್ಲಿಯೇ ಮೆಚ್ಚಿ, ಮತ್ತೊಮ್ಮೆ ಹಾರಿ ಹೋಗಿ ಏದುಸಿರು ಬಿಡುತ್ತ ತಿರುಗಿ ನೋಡಿದೆ.

"ಅಲ್ಲಿಯೇ ನಿಲ್ಲು. ಆ ಮೂಲೆಯ ಅಡಿಕೆಯನ್ನು ನಿನ್ನೆಯಿಂದ ಯಾರೂ ಮಗುಚಿಲ್ಲ" ಎಂದರು ಅಮ್ಮ. "ಕೈ ಬೇಡ, ಕಾಲಿನಲ್ಲಿಯೇ ಎಳೆ."